ಇಂದಿನ ಧಮ್ಮ ಚಿಂತನೆ: ಹೂವು ಯಾರದು?



ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಈ ಗಾದೆ ನಮಗೆಲ್ಲ ಗೊತ್ತು. ತರಗತಿಯಲ್ಲಿ ವಿಸ್ತರಿಸಿ ಬರೆಯಲು ಕೊಟ್ಟರೆ ಮಕ್ಕಳು ‘ಆಡಂಬರ ಬೇಡ’ ಎಂದು ಬರೆದು ಪೂರ್ತಿ ಅಂಕ ಪಡೆಯುತ್ತಾರೆ. ಆದರೆ ಗಾದೆಯೊಳಗೆ ಇನ್ನೊಂದು ಮಾತು ಅಡಗಿದೆ: ಬಡವರು ಹೂವಿಗೆ ಆಸೆಪಡಬಾರದು, ಅಂದಚೆಂದವೆಲ್ಲ ಹೊಟ್ಟೆ ತುಂಬಿದವರಿಗೆ. ಇದು ಸರಿಯೇ?

2024ರ ಆಗಸ್ಟ್‌ನಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಲಾಲ್‌ಬಾಗ್‌ಗೆ ಹೋಗಿದ್ದೆ. ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆ ಹೋಗಿ ನೋಡಿದ್ದ ತೋಟವೇ ಅದು. ಆ ವರ್ಷದ ಸ್ವಾತಂತ್ರ್ಯೋತ್ಸವ ಫಲಪುಷ್ಪ ಪ್ರದರ್ಶನದ ವಿಷಯ ಬಾಬಾಸಾಹೇಬರ ಬದುಕು. ಅವರನ್ನು ಹೂಗಳ ನಡುವೆ ನೋಡಲು ಜನ ಸಾಲುಗಟ್ಟಿ ನಿಂತಿದ್ದರು. ಪಕ್ಕದಲ್ಲಿ ನಿಂತವರು ಯಾವ ಜನ ಎಂದು ಯಾರೂ ಕೇಳಲಿಲ್ಲ.

ಇದು ಸಣ್ಣ ಸಂಗತಿಯಲ್ಲ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಈ ತೋಟ ಮೊದಲು ಅರಸರದಾಗಿತ್ತು, ಸಾರ್ವಜನಿಕರದಾದದ್ದು ಆಮೇಲೆ. ‘ಸಾರ್ವಜನಿಕ’ ಎಂಬ ಪದದ ಬೆಲೆ ನಮಗೆ ಗೊತ್ತು. ಮಹಾಡದ ಚವದಾರ್ ಕೆರೆಯೂ ಸಾರ್ವಜನಿಕ ಕೆರೆಯೇ. ಅದರ ನೀರು ಮುಟ್ಟಲು 1927ರಲ್ಲಿ ಬಾಬಾಸಾಹೇಬರು ಸತ್ಯಾಗ್ರಹ ಮಾಡಬೇಕಾಯಿತು. ಅದು ಬಾಯಾರಿಕೆಯ ಹೋರಾಟವಲ್ಲ, ಸಮಾನತೆಯ ಹೋರಾಟ. ನೀರಿಗೆ ಸಲ್ಲುವ ಮಾತು ಹೂವಿಗೂ ಸಲ್ಲಬೇಕು.

ಲಾಲ್‌ಬಾಗ್ ತನ್ನಲ್ಲಿದ್ದುದನ್ನು ಬೇಲಿಯೊಳಗೇ ಇಟ್ಟುಕೊಳ್ಳಲಿಲ್ಲ. ನಮ್ಮ ಅಡುಗೆಮನೆಯ ಸೀಮೆಬದನೆಯನ್ನೇ ನೋಡಿ. ಅಲ್ಲಿ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರೂನ್ ಅದನ್ನು ಇಲ್ಲಿಗೆ ತಂದರು. ಲಾಲ್‌ಬಾಗ್‌ನಿಂದ ಅದು ಊರೂರಿನ ಹಿತ್ತಲ ಚಪ್ಪರಕ್ಕೆ ಹಬ್ಬಿತು. ಮುಂದೆ ಡಾ. ಎಂ.ಎಚ್. ಮರಿಗೌಡರು ರಾಜ್ಯದ ಉದ್ದಗಲಕ್ಕೂ ತೋಟಗಾರಿಕೆ ಫಾರಂ, ನರ್ಸರಿಗಳನ್ನು ಕಟ್ಟಿದರು. ಹೀಗೆ ಬೆಂಗಳೂರನ್ನೇ ನೋಡದವರ ಮನೆಗೂ ಸಸಿಗಳು ಬಂದವು. ಇಂದಿಗೂ ಪ್ರದರ್ಶನದ ಅಂಗವಾಗಿ ಮನೆತೋಟ, ತಾರಸಿ ತೋಟಗಳಿಗೆ ಸ್ಪರ್ಧೆ ನಡೆಯುತ್ತದೆ.

ನಮ್ಮ ಕೇರಿಗಳ ಕಥೆ ಬೇರೆ. ಊರಿನ ಹೊಲ ತೋಟಗಳಲ್ಲಿ ಮಣ್ಣು ಅಗೆದವರು, ಗೊಬ್ಬರ ಹೊತ್ತವರು ನಮ್ಮ ಹಿರಿಯರು. ಗಿಡದ ಗುಣ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ತಮ್ಮದೆನ್ನುವ ಒಂದು ಗಿಡ ನೆಡಲು ಮನೆ ಮುಂದೆ ಮೊಳ ಜಾಗವಿರಲಿಲ್ಲ. ಈಗ ಅದೇ ಕೇರಿಯ ಜಗುಲಿಗಳ ಮೇಲೆ, ಒಡೆದ ಬಕೆಟ್ಟು, ಪೇಂಟ್ ಡಬ್ಬಿಗಳಲ್ಲಿ ಕನಕಾಂಬರ, ದಾಸವಾಳ, ಕರಿಬೇವು ಬೆಳೆಯುತ್ತಿವೆ. ‘ಇವರಿಗೇಕೆ ಈ ಷೋಕಿ’ ಎನ್ನುವವರು ಇನ್ನೂ ಇದ್ದಾರೆ. ಇದು ಷೋಕಿಯಲ್ಲ ಬಂಧುಗಳೇ, ಸ್ವಾಭಿಮಾನ. ಬೇರೆಯವರ ತೋಟಕ್ಕೆ ನೀರು ಹಾಯಿಸಿದ ಕೈಗಳು ಈಗ ತಮ್ಮ ಗಿಡಕ್ಕೆ ನೀರು ಹಾಕುತ್ತಿವೆ.

‘ಹೂವಿನ ಆಸೆಯೂ ತೃಷ್ಣೆಯೇ ಅಲ್ಲವೇ?’ ಎಂದು ನಮ್ಮ ಬಳಗದಲ್ಲಿ ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಭಗವಾನ್ ಬುದ್ಧರು ಹೆಚ್ಚಾಗಿ ಬೋಧಿಸಿದ್ದು ತೋಪು, ಉದ್ಯಾನಗಳಲ್ಲೇ. ಬಿಂಬಿಸಾರ ರಾಜ ವೇಳುವನ ಕೊಟ್ಟ, ಅನಾಥಪಿಂಡಿಕ ಜೇತವನ ಕೊಟ್ಟ. ಗಣಿಕೆಯೆಂದು ದೂರವಿಡದೆ ಆಮ್ರಪಾಲಿಯ ಮಾವಿನ ತೋಪನ್ನೂ ಅವರು ಸ್ವೀಕರಿಸಿದರು. ಈ ಮೂರೂ ತೋಟಗಳು ಒಬ್ಬರ ಕೈಬಿಟ್ಟು ಸಂಘದ ಪಾಲಾದವು. ತೃಷ್ಣೆ ಇರುವುದು ಹೂವಿನಲ್ಲಲ್ಲ, ‘ಇದು ನನಗೆ ಮಾತ್ರ’ ಎಂಬ ಹಿಡಿತದಲ್ಲಿ. ವಂದನೆಯಲ್ಲಿ ಹೂವು ಅರ್ಪಿಸುವಾಗ ನಾವು ನೆನೆಯುವುದು ಅದು ಬಾಡುತ್ತದೆ ಎಂಬುದನ್ನೇ. ಬಾಡುವುದನ್ನು ಬಿಗಿಹಿಡಿದು ಏನು ಮಾಡುವುದು? ಹಂಚುವುದೇ ಲೇಸು.

ಆದ್ದರಿಂದ ಇಂದು ಒಂದು ಸಣ್ಣ ಕೆಲಸ. ಮನೆಯಲ್ಲಿ ದಾಸವಾಳವೋ ದೊಡ್ಡಪತ್ರೆಯೋ ಇದ್ದರೆ ಒಂದು ಕಡ್ಡಿ ಮುರಿದು ಪಕ್ಕದ ಮನೆಗೆ ಕೊಡಿ. ಇಲ್ಲದವರು ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ಹೂವಿನ ಆಸೆ ಎಲ್ಲರ ಹಕ್ಕು, ಹಂಚುವುದು ಎಲ್ಲರ ಧಮ್ಮ.

ಭವತು ಸಬ್ಬ ಮಂಗಲಂ 🌺
ಜೈಭೀಮ್