ಇಂದಿನ ಧಮ್ಮ ಚಿಂತನೆ: ಪೋಸ್ಟರ್ ನಮ್ಮನ್ನು ಕರೆಯುವಾಗ



ಕುತೂಹಲ ಹುಟ್ಟಿಸಿ ಜನರನ್ನು ಸೆಳೆಯುವುದು ಮೋಸವೇ? ಈ ಪ್ರಶ್ನೆಯನ್ನು ಇಂದು ಸಿನಿಮಾ ಪೋಸ್ಟರ್ ಮುಂದಿಟ್ಟುಕೊಂಡು ಯೋಚಿಸೋಣ.

ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಗೋಡೆಯ ಪೋಸ್ಟರ್ ಸಿಗುವುದು ಎರಡು ಮೂರು ಕ್ಷಣ ಮಾತ್ರ. ಅಷ್ಟರಲ್ಲಿ ಕಥೆ ಹೇಳಲಾಗುವುದಿಲ್ಲ. ಅದಕ್ಕೇ ಪೋಸ್ಟರ್ ಮಾಡುವವರು ಅರ್ಧ ತೋರಿಸಿ ಅರ್ಧ ಬಚ್ಚಿಡುತ್ತಾರೆ. 1975ರ ‘ಜಾಸ್’ ಪೋಸ್ಟರಿನಲ್ಲಿ ನೀರಿನ ಮೇಲೆ ಈಜುತ್ತಿರುವ ಹೆಣ್ಣು, ಕೆಳಗೆ ಬಾಯಿ ತೆರೆದ ಶಾರ್ಕ್. ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಮುಂದೇನಾಯಿತು ಎಂಬ ಚಡಪಡಿಕೆಯೇ ಜನರನ್ನು ಟಿಕೆಟ್ ಕೌಂಟರಿಗೆ ಎಳೆಯಿತು. ನಮ್ಮ ಉಪೇಂದ್ರ 2010ರಲ್ಲಿ ಸಿನಿಮಾದ ಹೆಸರಿನ ಜಾಗದಲ್ಲಿ ಅಕ್ಷರದ ಬದಲು ಒಂದು ಕೈಸನ್ನೆ ಹಾಕಿಸಿದರು. ಜನ ಅದನ್ನು ‘ಸೂಪರ್’ ಎಂದು ಓದಿಕೊಂಡರು.

ಬಚ್ಚಿಟ್ಟ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಒಗಟು ಹೇಳುವ ಅಜ್ಜಿಯೂ ಉತ್ತರ ಬಚ್ಚಿಡುತ್ತಾಳೆ. ಆದರೆ ಉತ್ತರವೇ ಇಲ್ಲದ ಒಗಟನ್ನು ಅವಳು ಹೇಳುವುದಿಲ್ಲ. ಎರಡು ನಿಮಿಷ ಕುಣಿದು ಮರೆಯಾಗುವ ಹೆಣ್ಣನ್ನು ಪೋಸ್ಟರ್ ತುಂಬಾ ನಿಲ್ಲಿಸಿದರೆ ಅದು ಒಗಟಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ಇನ್ನೊಂದು ಪೋಸ್ಟರ್ ನೋಡಿ. 2017ರ ಮೇ ತಿಂಗಳಲ್ಲಿ ಪಾ. ರಂಜಿತ್ ಅವರ ‘ಕಾಲಾ’ ಸಿನಿಮಾದ ಮೊದಲ ಪೋಸ್ಟರ್ ಬಂತು. ಜೀಪಿನ ಮೇಲೆ ರಜನಿಕಾಂತ್ ಕುಳಿತಿದ್ದಾರೆ. ಹೆಚ್ಚಿನವರು ನೋಡಿದ್ದು ಅವರ ಮುಖವನ್ನು. ನಮ್ಮವರ ಕಣ್ಣು ಹೋದದ್ದು ಜೀಪಿನ ನಂಬರಿಗೆ: ಎಂಎಚ್ 01 ಬಿಆರ್ 1956. ನಾನು ಒಮ್ಮೆ ಒಂಬತ್ತನೇ ತರಗತಿಯಲ್ಲಿ ಇದನ್ನು ತೋರಿಸಿ, 1956 ಅಂದರೆ ಏನು ನೆನಪಾಗುತ್ತದೆ ಎಂದು ಕೇಳಿದೆ. “ಕರ್ನಾಟಕ ಏಕೀಕರಣ ಸಾರ್” ಎಂದರು. ತಪ್ಪಲ್ಲ. ಎಂದೂ ಕೈ ಎತ್ತದ ಹುಡುಗಿಯೊಬ್ಬಳು ಮೆಲ್ಲಗೆ “ನಾಗಪುರ” ಎಂದಳು. ಆ ವರ್ಷ ಅಕ್ಟೋಬರ್ 14ರಂದು ಬಾಬಾಸಾಹೇಬರು ಅಲ್ಲಿ ಧಮ್ಮದೀಕ್ಷೆ ಪಡೆದರು; ಡಿಸೆಂಬರ್ 6ರಂದು ಪರಿನಿಬ್ಬಾಣ ಹೊಂದಿದರು. ಗೊತ್ತಿದ್ದವರಿಗೆ ಮಾತ್ರ ಕೇಳಿಸುವಂತೆ ಆ ಪೋಸ್ಟರ್ ಪಿಸುಗುಟ್ಟಿತ್ತು. ಆ ಪಿಸುಮಾತಿಗೆ ಒಂದು ಮಗು ಬಾಯಿಬಿಟ್ಟಿತು. ಸೆಳೆಯುವುದೆಲ್ಲ ಕೆಟ್ಟದ್ದು ಎನ್ನಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ.

ಆದರೂ ಎಚ್ಚರ ಬೇಕು. ‘ಇದು ನಮ್ಮದು’ ಎಂಬ ಖುಷಿಯೂ ಒಂದು ಸೆಳೆತವೇ. ಕಣ್ಣಿಗೆ ರೂಪ ತಾಗಿ, ಹಿತವಾದ ವೇದನೆ ಹುಟ್ಟಿ, ಅದು ತಣ್ಹೆಯಾಗುವ ಸರಪಳಿಯಲ್ಲಿ ನೀಲಿ ಬಣ್ಣಕ್ಕೆ ರಿಯಾಯಿತಿ ಇಲ್ಲ. ‘ಕಾಲಾ’ ಆ ನಂಬರಿನ ಮಾತು ಉಳಿಸಿಕೊಂಡಿತು. ಧಾರಾವಿಯ ಜನರ ನೆಲದ ಹಕ್ಕನ್ನೇ ಕಥೆಯಾಗಿಸಿತು. ಆದರೆ ಏಪ್ರಿಲ್ 14ರಂದು ನಮ್ಮ ಸರ್ಕಲ್‌ಗಳಲ್ಲಿ ಏಳುವ ಎಷ್ಟೋ ಫ್ಲೆಕ್ಸ್‌ಗಳನ್ನು ನೆನೆಸಿಕೊಳ್ಳಿ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಬಾಬಾಸಾಹೇಬರು, ನಡುವೆ ಆಳೆತ್ತರಕ್ಕೆ ಕೈಮುಗಿದ ಮುಖಂಡರು. ಬುದ್ಧರು ಕಮ್ಮವನ್ನು ಅಳೆದದ್ದು ಚೇತನದಿಂದ, ಅಂದರೆ ಅದರ ಹಿಂದಿನ ಉದ್ದೇಶದಿಂದ. ಫ್ಲೆಕ್ಸಿನಲ್ಲಿ ಯಾರಿಗೆ ಎಷ್ಟು ಜಾಗ ಸಿಕ್ಕಿದೆ ಎಂದು ನೋಡಿದರೆ ಆ ಉದ್ದೇಶ ತಾನಾಗಿಯೇ ಕಾಣುತ್ತದೆ.

ಧಮ್ಮವೂ ಕರೆಯುತ್ತದೆ. ಏಹಿಪಸ್ಸಿಕೋ: ಬಾ, ನೋಡು. ಗುರುವಿನ ಮುಚ್ಚಿದ ಮುಷ್ಟಿ ತಮ್ಮಲ್ಲಿಲ್ಲವೆಂದು ಬುದ್ಧರು ಆನಂದರಿಗೆ ತಿಳಿಸಿದ್ದರು. ಪೋಸ್ಟರ್ ಮುಷ್ಟಿ ಮುಚ್ಚಿ ಕರೆಯುತ್ತದೆ, ತೆರೆಯಲು ದುಡ್ಡು ಕೇಳುತ್ತದೆ. ಅದು ಅದರ ಕಸುಬು, ಇರಲಿ. ನಮ್ಮ ಜಯಂತಿಯ ಬ್ಯಾನರು, ಬುದ್ಧ ಪೂರ್ಣಿಮೆಯ ಕರಪತ್ರ ಮಾತ್ರ ತೆರೆದ ಕೈಯಿಂದಲೇ ಕರೆಯಲಿ.

ಇಂದು ದಾರಿಯಲ್ಲಿ ಒಂದು ಪೋಸ್ಟರ್ ಕಂಡರೆ ಒಂದು ಕ್ಷಣ ನಿಂತು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಏನನ್ನು ಬಚ್ಚಿಟ್ಟಿದೆ? ಬಿಚ್ಚಿದರೆ ಒಳಗೆ ಉತ್ತರ ಇದೆಯೇ? ಗಾಳಕ್ಕೆ ಸಿಕ್ಕಿಸಿರುವುದು ಯಾರ ದೇಹ, ಯಾರ ಹೆಸರು?

ಭವತು ಸಬ್ಬ ಮಂಗಲಂ. ಜೈ ಭೀಮ್.