ಮಗಳು ಜಾಣೆಯಾಗದಿದ್ದರೆ?

ಕ್ಯಾರಿ ಬಕ್‌ ಕಥೆ ಹೇಳುವವರು ಕೊನೆಗೆ ಅವಳ ಮಗಳು ಓದಿನಲ್ಲಿ ಮುಂದಿದ್ದಳು ಎನ್ನುತ್ತಾರೆ. ಬುದ್ಧಿಮಾಂದ್ಯ ಮಕ್ಕಳಿಗೆ ಪಾಠ ಹೇಳುವ ನನಗೆ ತಕರಾರಿರುವುದೇ ಅಲ್ಲಿ.

ಅಮೆರಿಕದ ವರ್ಜೀನಿಯಾ ರಾಜ್ಯ 1924ರಲ್ಲಿ ‘ಮಂದಬುದ್ಧಿ’ಯವರಿಗೆ ಬಲವಂತದ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಲು ಕಾನೂನು ತಂದಿತು. ಸಾಕಿದ ಮನೆಯವರ ಸಂಬಂಧಿಕನೇ ಅತ್ಯಾಚಾರವೆಸಗಿದ್ದರಿಂದ ಬಸಿರಾದ ಕ್ಯಾರಿಯನ್ನು ‘ಮಂದಬುದ್ಧಿ’ಯವಳೆಂದು ಸರ್ಕಾರಿ ಸಂಸ್ಥೆಗೆ ತಳ್ಳಿದರು. ಅವಳ ತಾಯಿ ಮೊದಲೇ ಅಲ್ಲಿದ್ದಳು. ಕ್ಯಾರಿಯ ಹಸುಗೂಸು ವಿವಿಯನ್‌ಗೂ ಅದೇ ಹಣೆಪಟ್ಟಿ. 1927ರಲ್ಲಿ ಕ್ಯಾರಿಯ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 8–1 ಬಹುಮತದಿಂದ ಆ ಕಾನೂನನ್ನು ಎತ್ತಿಹಿಡಿಯಿತು. ಲಸಿಕೆ ಕಡ್ಡಾಯ ಮಾಡಬಹುದಾದರೆ ಇದನ್ನೂ ಮಾಡಬಹುದು ಎಂಬುದು ನ್ಯಾಯಮೂರ್ತಿ ಹೋಮ್ಸ್ ಅವರ ವಾದ. ಆ ದೇಶದಲ್ಲಿ 60,000ಕ್ಕೂ ಹೆಚ್ಚು ಜನ ಇಂಥ ಕಾನೂನುಗಳಿಗೆ ಬಲಿಯಾದರು.

ವಿವಿಯನ್ ಎಂಟು ವರ್ಷಕ್ಕೇ ತೀರಿಕೊಂಡಳು. ಅಷ್ಟರಲ್ಲಿ ಶಾಲೆಯ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಬಾರದಿದ್ದರೆ? ಚಪ್ಪಲಿಯ ಎಡಬಲ ತಿಳಿಯದ, ಪ್ರಾರ್ಥನೆಯ ಹೊತ್ತಿಗೆ ಎಲ್ಲರಿಗಿಂತ ಮೊದಲು ಕೈಮುಗಿಯುವ ನನ್ನ ವಿದ್ಯಾರ್ಥಿನಿಯ ಮೈಗೆ ಕತ್ತರಿ ಹಾಕುವುದು ಸರಿಯೇ?

1930ರಲ್ಲಿ ಪೋಪ್ ಹನ್ನೊಂದನೇ ಪಯಸ್ ತಮ್ಮ ಒಂದು ಪತ್ರದಲ್ಲಿ, ಅಪರಾಧ ಮಾಡದವರ ದೇಹದ ಮೇಲೆ ಆಳುವವರಿಗೆ ನೇರ ಅಧಿಕಾರವಿಲ್ಲ ಎಂದರು. ಗರ್ಭನಿರೋಧವನ್ನು ಕುರಿತು ಅದೇ ಪತ್ರದಲ್ಲಿರುವ ಮಾತನ್ನು ನಾನು ಒಪ್ಪುವುದಿಲ್ಲ, ಇದನ್ನು ಒಪ್ಪುತ್ತೇನೆ. ಇಲ್ಲಿ ಬುದ್ಧಿಯ ಅಳತೆಯ ಮಾತೇ ಇಲ್ಲ.

ನಮ್ಮಲ್ಲೂ ಇಂಥ ಮಕ್ಕಳ ತಾಯಂದಿರಿಗೆ ‘ಹಿಂದಿನ ಜನ್ಮದ ಕರ್ಮ’ ಎನ್ನುವವರಿದ್ದಾರೆ. ಹುಟ್ಟಿದ ಜೀವ ತನ್ನ ಯೋಗ್ಯತೆಗೆ ಪುರಾವೆ ಕೊಡಬೇಕಿಲ್ಲ. ಪುರಾವೆ ಕೊಡಬೇಕಾದವರು ಕತ್ತರಿ ಹಿಡಿದವರು.