ಒಂದು ಬೆರಳು ಮದ್ದು

ಕೇಪಿನ ಕೋವಿಗೆ ಎಷ್ಟು ಮದ್ದು ಹಾಕಬೇಕೆಂಬುದನ್ನು ದೊಡ್ಡಪ್ಪ ಬೆರಳಿನಲ್ಲಿ ಅಳೆಯುತ್ತಿದ್ದ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಉಂಡೆ ಮಾಡಿ ತುರುಕಿ, ಗಜದಿಂದ ಜಡಿದು, ಗುಂಡು ಇಳಿಸಿ, ಮತ್ತೆ ನಾರು ತುರುಕಿ ಜಡಿಯಬೇಕು. ಖಾಲಿ ನಳಿಗೆಯಲ್ಲಿ ನಿಲ್ಲುವುದಕ್ಕಿಂತ ಗಜ ಈಗ ಎಷ್ಟು ಬೆರಳು ಮೇಲೆ ನಿಂತಿದೆಯೋ ಅಷ್ಟು ಬೆರಳಿನ ಈಡು. ನಮ್ಮ ಕೋವಿಗೆ ನಾಲ್ಕು. ಅದನ್ನು ಯಾರೋ ಹೇಳಿಕೊಟ್ಟದ್ದಲ್ಲ, ವರ್ಷಗಟ್ಟಲೆ ಹೊಡೆದು ನೋಡಿ ದೊಡ್ಡಪ್ಪನೇ ಕಂಡುಕೊಂಡದ್ದು. ಕಡಿಮೆಯಾದರೆ ಗುಂಡು ದಾರಿಯಲ್ಲೇ ಇಳಿಯುತ್ತದೆ. ಹೆಚ್ಚಾದರೆ ಕೋವಿ ಭುಜಕ್ಕೆ ಒದ್ದು ಮೂತಿ ಮೇಲೆತ್ತುತ್ತದೆ, ಉರಿಯದ ಮದ್ದು ಸುಮ್ಮನೆ ಹೊರಗೆ ಉಗುಳಿಹೋಗುತ್ತದೆ.

ಬಸ್ತಿಹಳ್ಳಿಯ ಹತ್ತಿರ ನಮ್ಮದು ಎರಡೆಕರೆ ಮುಸುಕಿನ ಜೋಳ. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಬರುತ್ತಿದ್ದವು. ತಿಂದದ್ದಕ್ಕಿಂತ ಮುರಿದು ಹಾಕಿದ್ದೇ ಹೆಚ್ಚು. ಕೋವಿಗೆ ಪರವಾನಗಿ ಇದ್ದದ್ದು ಬೆಳೆ ಕಾಯುವುದಕ್ಕೆ. ಸದ್ದು ಮಾಡಿ ಬೆದರಿಸಬಹುದು, ಅಷ್ಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅನುಮತಿಯಿಲ್ಲದೆ ಹಂದಿ ಹೊಡೆಯುವುದು ಅಪರಾಧ. ಅದು ಗೊತ್ತಿದ್ದೇ ಹೊಡೆದೆವು. ಇಲ್ಲಿ ಅದನ್ನು ಮುಚ್ಚಿಟ್ಟು ಬರೆದರೆ ಮುಂದಿನದಕ್ಕೆ ಅರ್ಥವಿರುವುದಿಲ್ಲ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದಿತ್ತು, ಕೋವಿ ನನ್ನ ಕೈಗೆ ಬಂತು. ಅದು ಗುರಿಗಿಂತ ಗೇಣು ಕೆಳಗೆ ಹೊಡೆಯುತ್ತಿತ್ತು. ನಳಿಗೆಯ ತುದಿಯಲ್ಲಿ ತೊಗರಿಬೇಳೆಯಷ್ಟು ಹಿತ್ತಾಳೆಯ ಕಾಳೊಂದಿರುತ್ತದೆ. ಅದನ್ನು ಉಜ್ಜಿ ತಗ್ಗಿಸಿದರೆ ಗುಂಡು ಮೇಲಕ್ಕೆ ಬೀಳುತ್ತದೆ. ಕೇಳುವುದಕ್ಕೆ ತಿರುಗುಮುರುಗು ಅನ್ನಿಸಬಹುದು. ಕಾಳು ತಗ್ಗಾದಾಗ ಅದನ್ನು ಗುರಿಗೆ ಕೂಡಿಸಲು ನಳಿಗೆಯನ್ನೇ ಎತ್ತಬೇಕಾಗುತ್ತದಲ್ಲ, ಅದಕ್ಕೆ. ಗೋಣಿತಾಟಿನ ಮೇಲೆ ಇದ್ದಿಲಿನಲ್ಲಿ ಹಂದಿಯ ಚಿತ್ರ ಬರೆದು ಬದುವಿಗೆ ಕಟ್ಟಿದೆವು. ಅರದಲ್ಲಿ ಎರಡು ಎಳೆತ, ಒಂದು ಈಡು. ಮತ್ತೆ ಎರಡು ಎಳೆತ. "ಅವಸರ ಮಾಡ್ಬ್ಯಾಡ ಮಗ, ಉಜ್ಜಿದ್ದನ್ನ ಮತ್ತೆ ಅಂಟ್ಸಕ್ಕಾಗಲ್ಲ" ಅನ್ನುತ್ತಿದ್ದ ದೊಡ್ಡಪ್ಪ. ಮೂರನೇ ದಿನ ಗುಂಡು ಇದ್ದಿಲು ಹಂದಿಯ ಮುಂಗಾಲಿನ ಹಿಂದೆ, ಎದೆಗೂಡಿನ ಜಾಗಕ್ಕೇ ಬಿತ್ತು. ಅವತ್ತು ಆದ ಖುಷಿಯನ್ನು ಈಗ ನೆನೆದರೆ ಮುಜುಗರವಾಗುತ್ತದೆ.

ಆ ವಾರವೇ ಅಟ್ಟಣೆಯ ಮೇಲೆ ಕುಳಿತೆ. ಈಡು ತುಂಬುವಾಗ ಕೈ ನಡುಗುತ್ತಿತ್ತು. ನಾಲ್ಕು ಬೆರಳಿಗೆ ಸಾಯದೇ ಹೋದರೆ? ಒಂದು ಬೆರಳು ಹೆಚ್ಚು ಹಾಕಿದೆ. ದೊಡ್ಡಪ್ಪನಿಗೆ ಹೇಳಲಿಲ್ಲ. ಬೆಳದಿಂಗಳಲ್ಲಿ ಹಂದಿ ಅಡ್ಡಲಾಗಿ ನಿಂತಾಗ ಕಾಳು ಸರಿಯಾಗಿಯೇ ಕೂತಿತ್ತು. ಆದರೆ ಮೂರು ದಿನ ಉಜ್ಜಿ ಹೊಂದಿಸಿದ್ದು ನಾಲ್ಕು ಬೆರಳಿಗೆ, ಐದಕ್ಕಲ್ಲ. ಕೋವಿ ಒದ್ದಿತು, ಹೊಗೆ ಕವಿಯಿತು. ಹೊಗೆ ಸರಿದಾಗ ಹಂದಿ ಇರಲಿಲ್ಲ. ಕಿರುಚಾಟವೊಂದು ಪುಷ್ಪಗಿರಿಯ ದಿಕ್ಕಿಗೆ ದೂರವಾಗುತ್ತ ಹೋಯಿತು.

ಮೂರನೇ ದಿನ ಲಂಟಾನದ ಪೊದೆಯಲ್ಲಿ ಸಿಕ್ಕಿತು. ಗುಂಡು ಬೆನ್ನಿನ ಮೇಲ್ಭಾಗ ಸೀಳಿತ್ತು. ಇನ್ನೂ ಉಸಿರಾಡುತ್ತಿತ್ತು. ದೊಡ್ಡಪ್ಪ ಕತ್ತಿಯಿಂದ ಮುಗಿಸಿ, ಕೈ ತೊಳೆದುಕೊಂಡು, "ಎಷ್ಟು ಬೆರಳು ಹಾಕಿದ್ದೆ?" ಎಂದು ಕೇಳಿದ. ಹೇಳಿದೆ. "ಹೊಡ್ದಿದ್ದಕ್ಕಲ್ಲ ಕಣ್ಲಾ ನಂಗೆ ಬೇಜಾರು" ಅಂದವನು ಮುಂದೆ ಮಾತಾಡಲಿಲ್ಲ.

ಅದೇ ವರ್ಷ ತರಗತಿಯಲ್ಲಿ ಜನ್ನನ ಯಶೋಧರ ಚರಿತೆ ಓದುತ್ತಿದ್ದೆವು. 1209ರ ಕೃತಿ. ಜನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ ವೀರಬಲ್ಲಾಳನ ರಾಜಧಾನಿ ನಮ್ಮ ಹಳೇಬೀಡೇ. ಯಶೋಧರ ಜೀವಂತ ಪ್ರಾಣಿಯನ್ನು ಬಲಿಕೊಡಲು ಒಪ್ಪುವುದಿಲ್ಲ. ತಾಯಿಯ ಒತ್ತಾಯಕ್ಕೆ ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮಾಂತರ ಅಲೆಯುತ್ತಾರೆ. ಗೆಳೆಯರಿಗೆ ಇದು ಅತಿಯಾಯಿತು ಅನ್ನಿಸಿತ್ತು. ನನಗೆ ಗೋಣಿತಾಟಿನ ಹಂದಿ ನೆನಪಾಯಿತು. ಅದರೊಳಗೆ ಜೀವವಿರಲಿಲ್ಲ. ಆದರೆ ಕೊಲ್ಲುವ ನಿರ್ಧಾರ ಗಟ್ಟಿಯಾದದ್ದು ಅಟ್ಟಣೆಯ ಮೇಲಲ್ಲ, ಆ ಮೂರು ದಿನ, ಹಾಡುಹಗಲು, ಅರ ಉಜ್ಜುತ್ತ ಕುಳಿತಾಗ.

ಜೈನರು ಹಿಂಸೆಯನ್ನು ವಿಂಗಡಿಸುತ್ತಾರೆ. ಮೇಲೆ ಬಿದ್ದವರನ್ನು ಎದುರಿಸುವಾಗ ಆಗುವುದು ವಿರೋಧಿ ಹಿಂಸೆ. ಗೃಹಸ್ಥನಿಗೆ ಅದರಲ್ಲಿ ಸ್ವಲ್ಪ ರಿಯಾಯಿತಿ. ಬೇಕೆಂದು ಮಾಡುವುದು ಸಂಕಲ್ಪಿ ಹಿಂಸೆ, ಅದಕ್ಕಿಲ್ಲ. ನಮ್ಮೂರಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ, ತನ್ನ ತಂದೆ ಗಂಗರಾಜನ ನೆನಪಿಗೆ. ಗಂಗರಾಜ ವಿಷ್ಣುವರ್ಧನನ ದಂಡನಾಯಕ, ಜೈನ, ತಲಕಾಡನ್ನು ಚೋಳರಿಂದ ಗೆದ್ದವನು. ಪ್ರತಿಷ್ಠೆಯ ಪ್ರಸಾದ ತಲುಪಿದಾಗ ರಾಜನೂ ಯುದ್ಧ ಗೆದ್ದ ಸಂತೋಷದಲ್ಲಿದ್ದನಂತೆ. ದೇವರಿಗೆ ವಿಜಯ ಪಾರ್ಶ್ವ ಎಂದೇ ಹೆಸರಿಟ್ಟ. ಅಹಿಂಸೆಯ ಮೂರ್ತಿಗೆ ವಿಜಯದ ಹೆಸರು. ಚಿಕ್ಕಂದಿನಲ್ಲಿ ಅಲ್ಲಿನ ನುಣುಪು ಕಂಬಗಳಲ್ಲಿ ಮುಖ ನೋಡಿಕೊಂಡು ಹಲ್ಲು ಕಿರಿಯುತ್ತಿದ್ದ ನಾನು, ಆ ವರ್ಷ ಹೋಗಿ ನಿಂತದ್ದು ಬೇರೆ ಲೆಕ್ಕ ಕೇಳಲು. ಬೆಳೆಗೆ ಬಿದ್ದ ಹಂದಿ ಶತ್ರುವಲ್ಲವೇ, ನನ್ನದು ವಿರೋಧಿ ಹಿಂಸೆಯಲ್ಲವೇ? ಹಂದಿ ಬರುವ ವಾರ ಮೊದಲೇ ಚಿತ್ರ ಬರೆದು ಎದೆಗೂಡಿಗೆ ಗುರಿ ಹೊಂದಿಸಿದವನು ಹಾಗೆ ಕೇಳುವುದು ಕಷ್ಟ.

ಹಾಗಾದರೆ ಗುರಿ ಹೊಂದಿಸದೆ ಹೊಡೆಯುವವನು ಮೇಲೇ? ಅದಂತೂ ಅಲ್ಲ. ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದದಿಂದ ಜೀವ ತೆಗೆಯುವುದು ಎನ್ನುತ್ತದೆ. ಪ್ರಮಾದವೆಂದರೆ ಕೈತಪ್ಪು ಮಾತ್ರವಲ್ಲ, ಭಯದಿಂದಲೋ ಆಸೆಯಿಂದಲೋ ಮಂಕಾದ ಮನಸ್ಸು ಕೂಡ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ನನ್ನ ಐದನೇ ಬೆರಳು ಅದೇ. ದೊಡ್ಡಪ್ಪ ಯಾವ ಸೂತ್ರವನ್ನೂ ಓದಿದವನಲ್ಲ, ಆದರೂ ಬೇಜಾರಾಗಿದ್ದು ಅದಕ್ಕೇ. ಹಂದಿಯ ಕಡೆಯಿಂದ ನೋಡಿದರೆ ದೊಡ್ಡಪ್ಪ ಹೇಳಿದ್ದು ಸರಿ: ಮೂರು ದಿನದ ನರಳಾಟಕ್ಕೂ ಒಂದು ಕ್ಷಣಕ್ಕೂ ವ್ಯತ್ಯಾಸವಿದೆ. ನನ್ನ ಕಡೆಯಿಂದ ನೋಡಿದರೆ ಜನ್ನ ಸರಿ: ಗುಂಡು ಎದೆಗೇ ಬಿದ್ದಿದ್ದರೆ ಹಂದಿಯ ನೋವು ಕಡಿಮೆಯಾಗುತ್ತಿತ್ತು, ನನ್ನ ಸಂಕಲ್ಪ ಕಡಿಮೆಯಾಗುತ್ತಿರಲಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನನಗೆ ಇವತ್ತಿಗೂ ಆಗಿಲ್ಲ. ಗುರಿ ಇಡುವುದಕ್ಕೂ ಗುರಿಯಾಗುವುದಕ್ಕೂ, ಈಡು ತುಂಬುವುದಕ್ಕೂ ಈಡಾಗುವುದಕ್ಕೂ ಕನ್ನಡ ಒಂದೊಂದೇ ಮಾತು ಇಟ್ಟುಕೊಂಡಿರುವುದು ಆಗಾಗ ತಲೆಗೆ ಬರುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ, ಬಿಡಿ.

ದೊಡ್ಡಪ್ಪ ಹೋಗಿ ಎರಡು ವರ್ಷವಾಯಿತು. ಚುನಾವಣೆಯ ಹೊತ್ತಿಗೆ ಠಾಣೆಗೆ ಒಪ್ಪಿಸಿದ ಕೋವಿ ಅಲ್ಲೇ ಇದೆ, ರಸೀದಿ ನನ್ನ ಹತ್ತಿರ. ಪರವಾನಗಿ ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವೇ ಬೇಡವೆಂದು ಬರೆದುಕೊಡಬೇಕು. ಅರ್ಜಿ ತಂದು ಮೇಜಿನ ಮೇಲಿಟ್ಟಿದ್ದೇನೆ. ಈ ಸಲವೂ ಜೋಳವೇ ಹಾಕಿದ್ದೇವೆ. ನಿನ್ನೆ ಬದುವಿನ ಹತ್ತಿರ ಗೊರಸಿನ ಗುರುತು ಕಂಡೆ ಎಂದು ತಮ್ಮ ಫೋನ್ ಮಾಡಿದ್ದ. ಡಬ್ಬ ಬಡಿಯುತ್ತ ಕೂತಿರು, ಶನಿವಾರ ಬರುತ್ತೇನೆ ಅಂದೆ.